ಬುಧವಾರ ನಾಲ್ಕಕ್ಕೆ ಮುಂಚೆ ಹೆಸರು ಬಿಚ್ಚುವುದಿಲ್ಲ

ನನ್ನ ಹೊಲಿಗೆ ಅಂಗಡಿಯ ಗೋಡೆಗೆ ಒಂದೇ ಒಂದು ಬೋರ್ಡು ತೂಗುಹಾಕಿದ್ದೇನೆ: ‘ಬುಧವಾರ ನಾಲ್ಕಕ್ಕೆ ಮುಂಚೆ ಹೆಸರು ಬಿಚ್ಚುವುದಿಲ್ಲ.’ ಬಫಲೋದಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಇದರ ಅರ್ಥ ಯಾರೂ ಕೇಳುವುದಿಲ್ಲ. ಕರಾರು ಮುಗಿದ ನಮ್ಮ ಅಮೆರಿಕನ್ ಫುಟ್‌ಬಾಲ್ ಆಟಗಾರರು ಸೋಮವಾರ ಮಧ್ಯಾಹ್ನದಿಂದ ಬೇರೆ ತಂಡಗಳ ಜೊತೆ ಮಾತಾಡಬಹುದು. ಸಹಿ ಹಾಕುವುದು ಮಾತ್ರ ಬುಧವಾರ ನಾಲ್ಕರ ಮೇಲೆ. ನಡುವಿನ ಎರಡು ದಿನ ಊರಿಗೆ ಊರೇ ತಲೆ ಕೆಟ್ಟು ಕೂತಿರುತ್ತದೆ. ಫೋನಿನಲ್ಲಿ ಒಂದು ಸಾಲು ಸುದ್ದಿ ಬಂದರೆ ಸಾಕು, ಜೆರ್ಸಿ ಹಿಡಿದು ನನ್ನಲ್ಲಿಗೆ ಓಡಿಬರುತ್ತಾರೆ. ಬೆನ್ನ ಮೇಲಿನ ಹೆಸರು ಕಿತ್ತುಹಾಕು, ಹೊಸಬನದ್ದು ಹೊಲಿ! ಒಂದು ವರ್ಷ ಅವರ ಮಾತು ಕೇಳಿ ಹನ್ನೆರಡು ಜೆರ್ಸಿ ಬಿಚ್ಚಿಕೊಟ್ಟೆ. ತಂಡ ಬಿಡುತ್ತಾನೆಂದು ಸುದ್ದಿಯಾಗಿದ್ದ ಆ ಪುಣ್ಯಾತ್ಮ ಆಟಗಾರ ಬುಧವಾರ ಬೆಳಿಗ್ಗೆ ಮನಸ್ಸು ಬದಲಿಸಿ ಇಲ್ಲೇ ಉಳಿದ. ಹನ್ನೆರಡನ್ನೂ ಬಿಟ್ಟಿಯಾಗಿ ಮತ್ತೆ ಹೊಲಿದೆ. ಅವತ್ತೇ ಈ ಬೋರ್ಡು ಬರೆದದ್ದು.

ಈ ಸಲ ಮೊದಲು ನುಗ್ಗಿದವನು ನನ್ನ ಒಡಹುಟ್ಟಿದ ತಮ್ಮ ಕ್ಯಾಸಿಮಿರ್, ನಮ್ಮೆಲ್ಲರ ಕ್ಯಾಸ್. ಸೋಮವಾರ ಇನ್ನೂ ಹನ್ನೆರಡೂವರೆ. ಈಸ್ಟರ್ ಮುಂಚಿನ ಉಪವಾಸವೆಂದು ನಾಲ್ಕು ವಾರದಿಂದ ಬಿಯರ್ ಬಿಟ್ಟಿದ್ದ, ಮೂಗಿನ ತುದಿಯಲ್ಲೇ ಕೋಪ. ಅರವತ್ತಮೂರನೇ ನಂಬರಿನ ಹಳೇ ನೀಲಿ ಜೆರ್ಸಿಯನ್ನು ಮೇಜಿನ ಮೇಲೆ ಎಸೆದ.

“ಬಿಚ್ಚು, ಬರ್ನಿಸ್.”

“ಬೋರ್ಡು ಓದೋಕೆ ಬರಲ್ವೇನೋ?”

“ಟಿಲರಿ ಹೋಗ್ತಾನಂತೆ! ಹನ್ನೊಂದು ವರ್ಷ ಆದ್ಮೇಲೆ, ಫ್ಲಾರಿಡಾಗೆ! ಬಿಸಿಲು ಕಾಯೋಕೆ!”

ಏಮಸ್ ಟಿಲರಿ ಚೆಂಡು ಎಸೆಯುವವನಲ್ಲ, ಹಿಡಿದು ಓಡುವವನೂ ಅಲ್ಲ. ಸಾಲಿನ ನಡುವೆ ಬಗ್ಗಿ ನಿಂತು, ಕಾಲುಗಳ ಮಧ್ಯೆ ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಿನಿಂದ ನುಗ್ಗುವ ಗೂಳಿಯಂಥವರನ್ನು ಎದೆಕೊಟ್ಟು ತಡೆಯುವವನು. ಕ್ಯಾಸ್ ಶಾಲೆಯಲ್ಲಿ ಆಡಿದ್ದೂ ಅದೇ ಜಾಗದಲ್ಲಿ. ಕ್ರೀಡಾಂಗಣದ ಎಪ್ಪತ್ತು ಸಾವಿರ ಜನ ಚೆಂಡು ನೋಡಿದರೆ ಇವನೊಬ್ಬ ಟಿಲರಿಯನ್ನು ನೋಡುತ್ತಾನೆ.

ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಮುಖಕ್ಕೆ ಹಿಡಿದ. ಕ್ರೀಡಾಂಗಣದಲ್ಲಿನ ನಮ್ಮ ಎರಡು ಸೀಟುಗಳನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಫಾರಂ. “ಸಹಿ ಹಾಕಿ ಫೋನಲ್ಲಿ ಕಳಿಸೋಕೆ ಬುಧವಾರ ಐದಕ್ಕೆ ಕೊನೆ. ಅವನಿಲ್ದಿದ್ರೆ ನಾನೂ ಇಲ್ಲ. ಸಹಿ ಹಾಕಲ್ಲ.”

ಆ ಎರಡು ಸೀಟು ಅಪ್ಪನವು, ಈಗ ಇವನ ಹೆಸರಿನಲ್ಲಿವೆ. ಅಪ್ಪ ಹೋಗಿ ಇಪ್ಪತ್ತಾರು ವರ್ಷ, ಅಂದಿನಿಂದ ಅಲ್ಲಿ ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಕೂರುತ್ತೇವೆ. ಉಳಿದ ದಿನಗಳಲ್ಲಿ ನಮ್ಮದು ಹಾವು ಮುಂಗುಸಿಯ ಸಂಬಂಧ. ಆ ಸೀಟು ಹೋದರೆ ತಮ್ಮನೂ ಹೋದ ಹಾಗೆಯೇ. ಅದನ್ನು ಬಾಯಿಬಿಟ್ಟು ಹೇಳುವ ಹೆಂಗಸೇ ನಾನು? “ಹಾಕ್ಬೇಡ, ಹಾಳಾಗ್ಹೋಗು” ಎಂದೆ.

ಅಷ್ಟರಲ್ಲಿ ಟಪಾಲು ಹಿಡಿದು ಡೆಲ್‌ರಾಯ್ ಒಳಬಂದ. ಈ ಬೀದಿಯ ಅಂಚೆಯವನು, ಆಟಗಾರರ ವಿಷಯದಲ್ಲಿ ನಮ್ಮೆಲ್ಲರ ಪಂಚಾಂಗ.

“ಕ್ಯಾಸ್, ಮೂವತ್ನಾಲ್ಕು ವರ್ಷ ಕಣಯ್ಯಾ ಅವನಿಗೆ. ನಮ್ಮೋರು ಒಂದು ವರ್ಷಕ್ಕೆ ಮಾತ್ರ ಕರೆದ್ರು, ಫ್ಲಾರಿಡಾದೋರು ಮೂರು ವರ್ಷ ಕೊಟ್ರು. ಅವನಮ್ಮನ ಮನೆ ಅಲ್ಲಿಂದ ಒಂದು ಗಂಟೆ ದಾರಿ. ನೀನಾಗಿದ್ರೆ ಏನ್ಮಾಡ್ತಿದ್ದೆ?”

“ಇಲ್ಲೇ ಸಾಯ್ತಿದ್ದೆ.”

“ನೀನು ಬಿಡಪ್ಪಾ, ಬಿಯರ್ ಬಿಟ್ಟು ಆಗ್ಲೇ ಅರ್ಧ ಸತ್ತಿದೀಯ.”

ನನಗೆ ನಗು ತಡೆಯಲಿಲ್ಲ. ಕ್ಯಾಸ್ ನಗಲಿಲ್ಲ. ಕುರ್ಚಿ ಎಳೆದು ಕೂತ.

“ಬಲಗೈ ಹೆಬ್ಬೆರಳು ಮುರಿದಾಗ ಎಡಗೈಲಿ ಚೆಂಡು ಕೊಟ್ಟ ಕಣೋ ಡೆಲ್‌ರಾಯ್. ಐದು ವಾರ. ಒಂದ್ಸಲಾನೂ ಜಾರಿಸ್ಲಿಲ್ಲ.”

“ಗೊತ್ತು.”

“ಆ ಹಿಮದ ದಿನ?”

ಆ ದಿನ ಯಾರಿಗೆ ಗೊತ್ತಿಲ್ಲ! ಪಂದ್ಯದ ಹಿಂದಿನ ದಿನ ಸೊಂಟದವರೆಗೆ ಹಿಮ ಬಿದ್ದು, ಸೀಟುಗಳನ್ನು ಬಿಡಿಸಲು ನಾವೆಲ್ಲ ಸಲಿಕೆ ಹಿಡಿದು ಹೋಗಿದ್ದೆವು. ನಮ್ಮ ಸಾಲಿನಲ್ಲೊಬ್ಬ ಬೆಟ್ಟದಂಥ ಮನುಷ್ಯ ಟೋಪಿ ಎಳೆದುಕೊಂಡು ಒಂದು ಗಂಟೆ ಹಿಮ ಎತ್ತಿದ. ಕ್ಯಾಸ್ ಅವನಿಗೆ “ಬೆನ್ನು ಬಗ್ಗಿಸೋದು ಹಾಗಲ್ಲಯ್ಯಾ” ಎಂದು ಪಾಠವನ್ನೂ ಹೇಳಿದ. ಟೋಪಿ ತೆಗೆದರೆ ಟಿಲರಿ! “ಥ್ಯಾಂಕ್ಸ್ ಸರ್, ನಾಳೆ ಹಾಗೇ ಬಗ್ತೀನಿ” ಅಂದಿದ್ದ. ಎಂಥ ಮನುಷ್ಯ! ಅವನ ಮೇಲೆ ಕೋಪ ಮಾಡಿಕೊಳ್ಳಲು ನನ್ನ ತಮ್ಮನೇ ಆಗಬೇಕು.

ಬುಧವಾರ ನಾಲ್ಕೂಹತ್ತಕ್ಕೆ ಫೋನಿನಲ್ಲಿ ಚಿತ್ರ ಬಂತು. ಟಿಲರಿ ಹೊಸ ತಂಡದ ಟೋಪಿ ಹಾಕಿ, ಕೈಯಲ್ಲಿ ಪೆನ್ನು ಹಿಡಿದು ಕೂತಿದ್ದ. ಕೆಳಗೆ ನಮ್ಮ ಊರಿಗೆ ಒಂದೇ ಸಾಲು: ‘ನನ್ನನ್ನು ಮನುಷ್ಯನನ್ನಾಗಿ ಮಾಡಿದ್ದು ನೀವು.’ ಜನ ಆಗಲೇ ಮಕ್ಕಳ ಆಸ್ಪತ್ರೆಗೆ ಅವನ ಹೆಸರಿನಲ್ಲಿ ದಾನ ಕಳಿಸಲು ಶುರುಮಾಡಿದ್ದಾರೆಂದು ಅಂಗಡಿಗೆ ಬಂದು ಕೂತಿದ್ದ ಡೆಲ್‌ರಾಯ್ ಹೇಳಿದ. ಒಬ್ಬೊಬ್ಬರೂ ಅರವತ್ತಮೂರು ಡಾಲರ್, ಅವನ ನಂಬರಿನಷ್ಟೇ.

ನಾಲ್ಕೂಕಾಲಿಗೆ ಕ್ಯಾಸ್ ಬಂದ. ಫಾರಂ ಜೇಬಿನಲ್ಲೇ ಇಣುಕುತ್ತಿತ್ತು, ಸಹಿ ಇರಲಿಲ್ಲ.

“ಈಗ ಬಿಚ್ತೀಯಾ?”

“ಈಗ ಬಿಚ್ತೀನಿ.”

ಇಂಗ್ಲಿಷಿನ ಏಳು ಬಿಳಿ ಅಕ್ಷರ. ಒಂದೊಂದು ಹೊಲಿಗೆಯನ್ನೂ ಬಟ್ಟೆ ಹರಿಯದಂತೆ ಕತ್ತರಿಸುತ್ತ ಹೋದೆ. ಹನ್ನೊಂದು ವರ್ಷದ ಹಿಂದೆ ಈ ಕೈಯೇ ಹಾಕಿದ ಹೊಲಿಗೆ, ಸುಲಭಕ್ಕೆ ಬಿಡುತ್ತದೆಯೇ? ಕ್ಯಾಸ್ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದ. ಕೊನೆಯ ಅಕ್ಷರ ತೆಗೆದು, ನೂಲಿನ ಚೂರು ಕೊಡವಿ, “ತಗೋ” ಎಂದೆ.

ಕ್ಯಾಸ್ ತಿರುಗಿದ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ.

ಹನ್ನೊಂದು ವರ್ಷದ ಬಿಸಿಲು, ಹಿಮ, ಒಗೆತಕ್ಕೆ ಜೆರ್ಸಿಯೆಲ್ಲ ಬೂದಿಬಣ್ಣಕ್ಕೆ ತಿರುಗಿತ್ತು. ಅಕ್ಷರಗಳ ಅಡಿಯ ಬಟ್ಟೆ ಮಾತ್ರ ಅಂಗಡಿಯಿಂದ ತಂದ ದಿನದ ಕಡುನೀಲಿ. ಟಿಲರಿಯ ಹೆಸರು ಬೆನ್ನ ತುಂಬ ಹಾಗೇ ನಿಂತಿತ್ತು.

ನನಗೆ ಮೊದಲೇ ಗೊತ್ತಿತ್ತೇ ಎಂದರೆ, ಗೊತ್ತಿತ್ತು. ಈ ಕೆಲಸ ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ.

“ಇದು ಒಗೆದ್ರೆ ಹೋಗುತ್ತಾ?” ಎಂದು ಬೆರಳಿನಿಂದ ಆ ನೀಲಿಯನ್ನು ಉಜ್ಜಿದ.

“ಹೋಗಲ್ಲ. ಮೇಲೆ ಹೊಸ ಹುಡುಗನ ಹೆಸರು ಹೊಲಿದ್ರೆ ಮುಚ್ಚುತ್ತೆ. ಹೊಲೀಲಾ?”

“ಮುಟ್ಟಬೇಡ.”

ಅಲ್ಲೇ ಕೋಟು ಕಳಚಿ ಜೆರ್ಸಿ ಹಾಕಿಕೊಂಡ. ಗಡಿಯಾರ ನಾಲ್ಕೂ ನಲವತ್ತು ತೋರಿಸುತ್ತಿತ್ತು. ಫಾರಂ ಮೇಜಿನ ಮೇಲಿಟ್ಟು, ಡೆಲ್‌ರಾಯ್‌ನ ಕಿವಿಯ ಮೇಲಿದ್ದ ಪೆನ್ನು ಕಿತ್ತುಕೊಂಡು ಬಗ್ಗಿದ. ನೀಲಿ ಹೆಸರು ನನ್ನ ಮುಖದ ಎದುರಿಗೇ ಬಂತು. ಕಣ್ಣು ಮಂಜಾಯಿತು, ಬೈಯದೆ ಇರಲಾಗಲಿಲ್ಲ.

“ಎರಡೂ ಸೀಟಿಗೆ ಬರಿಯೋ ಪೆದ್ದಾ.”

“ಮತ್ತಿನ್ನೇನು, ನಿನ್ನ ತೊಡೆ ಮೇಲೆ ಕೂರ್ಲಾ?” ಎಂದು ಅವನು ಸಹಿ ಹಾಕಿದ.