ಜೀಪು ಹತ್ತುವ ಏರಿಗೆ ವ್ಯಾನಿನ ಟೆಂಡರ್

ಬಾಳೂರಿನ ದೇವರಾಜನಿಗೆ ಆ ವಾರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಣಕ್ಕೆ ಹೋಗಿ ಕಾಫಿ ಹಣ್ಣಿನ ರಾಶಿಗೆ ಕೈ ಹಾಕುವನು, ಅದನ್ನು ಬಿಟ್ಟು ಬಂದು ಅಂಗಳದ ಜೀಪು ಒರೆಸುವನು. ಒರೆಸಿದ್ದನ್ನೇ ಒರೆಸಿದರೆ ಹಳೇ ಜೀಪು ಹೊಸದಾಗುತ್ತದೆಯೇ?

ಸಂಗತಿ ಇಷ್ಟು. ಗುಡ್ಡದ ಮೇಲಿನ ಕೂಲಿ ಲೈನುಗಳಿಗೆ, ಅಂದರೆ ತೋಟದ ಆಳುಗಳ ಸಾಲುಮನೆಗಳಿಗೆ, ವಾರಕ್ಕೊಮ್ಮೆ ನರ್ಸಮ್ಮನನ್ನು ಕರೆದೊಯ್ಯಲು ಬಾಡಿಗೆ ವಾಹನ ಬೇಕೆಂದು ಆರೋಗ್ಯ ಇಲಾಖೆ ಟೆಂಡರ್ ಕರೆದಿತ್ತು. ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಡ್ರೈವ್ ಜೀಪೇ ಆಗಬೇಕು ಎಂಬ ಷರತ್ತೂ ಇತ್ತು. ಹೋದ ವರ್ಷ ಆ ಕೆಲಸ ಮಾಡಿದ್ದ ದೇವರಾಜ ಈ ಸಲವೂ ಟೆಂಡರ್ ಹಾಕಿದ. ಸಿಕ್ಕಿದ್ದು ಪೇಟೆಯವರೊಬ್ಬರಿಗೆ. ಅವರದು ಸಾದಾ ವ್ಯಾನು. ಲೈನಿನ ದಾರಿಯಲ್ಲಿ ಮೋರಿ ದಾಟಿದ ಮೇಲಿನ ಏರು ಅದರ ಕೈಲಾಗುವ ಮಾತಲ್ಲ. ಮೇಲಿನ ಲೈನಿನ ನಂಜಮ್ಮನಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಇನ್ನೂ ವಾಸಿಯಾಗಿಲ್ಲ. ವ್ಯಾನು ಮೋರಿ ಹತ್ತಿರ ನಿಂತರೆ ಪಾಪ, ಆಕೆ ಅದೇ ಕಾಲಲ್ಲಿ ಇಳಿದು ಬರಬೇಕು, ಅದೇ ಕಾಲಲ್ಲಿ ಹತ್ತಬೇಕು.

ದೇವರಾಜ ಮಾಡಿದ್ದೇನು? ನಮ್ಮ ಕಡೆ ಎಲ್ಲರೂ ಮಾಡುವುದನ್ನೇ. ದೊಡ್ಡ ಎಸ್ಟೇಟಿನ ಸಾಹುಕಾರರ ಜಗಲಿಗೆ ಹೋಗಿ ಕೈಕಟ್ಟಿ ನಿಂತ. ಅವರು ಕೆಟ್ಟವರೇನಲ್ಲ. “ಕೊಯ್ಲು ಮುಗೀಲಿ ದೇವರಾಜ, ಮೇಲಿನವ್ರಿಗೆ ಒಂದ್ ಮಾತು ಹೇಳಣ” ಎಂದರು. ಈ ಗುಡ್ಡದಲ್ಲಿ ಮದುವೆ ಮಾತುಕತೆ, ಬೇಲಿ ಜಗಳ, ಹಲ್ಲುನೋವು ಎಲ್ಲವೂ ಕೊಯ್ಲು ಮುಗಿಯಲೆಂದು ಕಾಯುತ್ತವೆ. ಇದೂ ಅವುಗಳ ಹಿಂದೆ ಹೋಗಿ ನಿಂತಿತು.

ಭಾನುವಾರ ಅಕ್ಕನ ಮಗಳು ದಿವ್ಯಾ ಬಂದಳು. ಮೂಡಿಗೆರೆಯಲ್ಲಿ ವಕೀಲಿ ಮಾಡುವವಳು.

“ಆದೇಶ ಯಾವಾಗ ಕೈಗೆ ಬಂತು ಮಾವ?”

“ಕೊಯ್ಲು ಶುರುವಾದ ವಾರ. ಯಾಕೆ?”

“ಅಯ್ಯೋ ಮಾವ, ಮೇಲ್ಮನವಿ ಹಾಕಕ್ಕೆ ಆದೇಶ ಕೈಗೆ ಬಂದ ದಿನದಿಂದ ಮೂವತ್ತೇ ದಿನ. ಅದು ಮುಗೀತಾ ಬಂತು.”

ದೇವರಾಜ ದಡಕ್ಕನೆ ಎದ್ದ. ಎದ್ದವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ.

ಹೆಂಡತಿ ವಸಂತಮ್ಮ ಅಡುಗೆಮನೆಯಿಂದಲೇ ಶುರು ಮಾಡಿದಳು. “ಸರ್ಕಾರನ ಎದುರು ಹಾಕ್ಕೊಂಡ್ರೆ ನಾಳೆ ನಮ್ದು ಒಂದು ಕೆಲ್ಸನೂ ಆಗಲ್ಲ ಕಣೆ ದಿವ್ಯಾ. ಸಾಹುಕಾರ್ರು ಹೇಳ್ತೀನಿ ಅಂದಿದಾರಲ್ಲ, ಸಾಕು.”

“ಎದುರು ಹಾಕ್ಕೊಳ್ಳೋದಲ್ಲ ಅತ್ತೆ. ಟೆಂಡರ್ ಹಾಕಿದವ್ರಿಗೆ ಅನ್ಯಾಯ ಆದ್ರೆ ಕೇಳಬಹುದು ಅಂತ ಕಾನೂನಲ್ಲೇ ಇದೆ. ಸಾಹುಕಾರ್ರ ಮಾತು ಫೈಲಿಗೆ ಸೇರಲ್ಲ, ಅರ್ಜಿ ಸೇರುತ್ತೆ.”

ದೇವರಾಜ ಬರೆಯಲು ಕೂತ. ಸಿಟ್ಟೆಲ್ಲ ಪೆನ್ನಿಗೆ ಇಳಿಯಿತು. ಪೇಟೆಯವನು ಆಫೀಸಿನವರ ಕೈ ಬೆಚ್ಚಗೆ ಮಾಡಿದ್ದಾನೆ ಎಂದೇ ಶುರು.

“ಇದಕ್ಕೆ ಸಾಕ್ಷಿ ಇದೆಯಾ?” ಎಂದಳು ದಿವ್ಯಾ.

“ಊರಿಗೇ ಗೊತ್ತಲ್ಲ.”

“ಊರು ಬಂದು ಸಹಿ ಹಾಕುತ್ತಾ? ಹೊಡೆದು ಹಾಕಿ ಅದನ್ನ. ಷರತ್ತು ಏನಿತ್ತು, ಅವ್ರ ವಾಹನ ಯಾವ್ದು, ನಿಮಗೆ ಏನಾಗಬೇಕು, ಇಷ್ಟೇ ಬರೀರಿ. ಟೆಂಡರ್ ಪ್ರಕಟಣೆ, ಆದೇಶದ ಪ್ರತಿ ಜೊತೆಗಿಡಿ. ಆದೇಶ ಮಾಡಿದವ್ರ ಮೇಲಿನ ಅಧಿಕಾರಿಗೆ ಕೊಡಬೇಕು. ಚಿಕ್ಕಮಗಳೂರಿನ ಆಫೀಸಲ್ಲಿ ಅದು ಯಾರು ಅಂತ ನಾನು ವಿಚಾರಿಸ್ತೀನಿ. ಕೊಟ್ಟ ಮೇಲೆ ಸೀಲು ಹಾಕಿದ ಸ್ವೀಕೃತಿ ಇಸ್ಕೊಳ್ಳದೆ ಬರಬೇಡಿ.”

ವಸಂತಮ್ಮನಿಗೆ ಇನ್ನೊಂದು ಚಿಂತೆ. “ನಾಳೆ ಕೊಯ್ಯೋಕೆ ಆಳು ಬರ್ತಾರೆ. ಇವ್ರು ಚಿಕ್ಕಮಗಳೂರಿಗೆ ಹೋದ್ರೆ ಹಣ್ಣೆಲ್ಲ ಉದುರಿ ಹೋಗುತ್ತೆ.”

“ನಂಜಮ್ಮನ ಕಾಲು ಹೇಗಿದೆ ಅತ್ತೆ?” ಎಂದು ದಿವ್ಯಾ ಮೆಲ್ಲಗೆ ಕೇಳಿದಳು.

ವಸಂತಮ್ಮ ಸೌಟು ಕೆಳಗಿಟ್ಟು ಅಡುಗೆಮನೆಯಿಂದ ಹೊರಗೆ ಬಂದಳು. ನರ್ಸಮ್ಮ ಆ ಹುಣ್ಣಿಗೆ ಬಟ್ಟೆ ಕಟ್ಟುವಾಗ ದೀಪ ಹಿಡಿದವಳು ಅವಳೇ. ಗಂಡನ ಕಡೆ ನೋಡಿ ಹೇಳಿದಳು: “ಉದುರಿದ ಹಣ್ಣು ನಾನು ಆರಿಸ್ಕೊಳ್ತೀನಿ. ನೀವು ಬೆಳಗ್ಗೆನೇ ಹೊರಡಿ.”

ಅರ್ಜಿ ಗಡುವಿನೊಳಗೆ ಸೇರಿತು. ಆದರೂ ವಿಚಾರಣೆಯ ದಿನದವರೆಗೆ ದೇವರಾಜನಿಗೆ ನಿದ್ದೆ ಅಷ್ಟಕ್ಕಷ್ಟೆ. ಅಲ್ಲಿ ಮೇಲಧಿಕಾರಿ ಮುಖ್ಯವಾಗಿ ನೋಡಿದ್ದು, ವಾಹನ ಷರತ್ತಿನಂತೆ ಇದೆಯೇ ಎಂದು. ಇರಲಿಲ್ಲ. ಆದೇಶ ರದ್ದಾಯಿತು, ಟೆಂಡರುಗಳನ್ನು ಮತ್ತೆ ಪರಿಶೀಲಿಸಿದರು, ಕೆಲಸ ಜೀಪಿಗೆ ಬಂತು. ಮೊದಲ ದಿನ ಜೀಪು ಮೋರಿ ದಾಟಿ ಏರು ಹತ್ತಿದಾಗ ನಂಜಮ್ಮ ತನ್ನ ಮನೆ ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದಳು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅರ್ಜಿ ಹಾಕಿದವರೆಲ್ಲ ಗೆಲ್ಲುತ್ತಾರೆಂದು ನಾವು ಹೇಳುವುದಿಲ್ಲ. ಹಾಕದವರ ಮಾತನ್ನು ಕೇಳುವವರೇ ಇರುವುದಿಲ್ಲ. ನೀವು ಟೆಂಡರ್ ಹಾಕಿ, ಅದು ಷರತ್ತು ಮೀರಿ ಬೇರೆಯವರಿಗೆ ಹೋಗಿದ್ದರೆ, ಯಾರ ಜಗಲಿಗೂ ಹೋಗಿ ಕಾಯಬೇಡಿ. ಆದೇಶ ಕೈಗೆ ಬಂದ ತಾರೀಖು ಇವತ್ತೇ ನೋಡಿ, ತಿಳಿದವರನ್ನು ಇವತ್ತೇ ಕೇಳಿ. ಉದುರಿದ ಹಣ್ಣನ್ನು ವಸಂತಮ್ಮ ಆರಿಸಿಕೊಂಡಳು. ಉದುರಿದ ದಿನವನ್ನು ಯಾರೂ ಆರಿಸಿ ತರಲಾರರು.