ಹಲ್ಲಲ್ಲಿ ಕಚ್ಚಿದ ಕ್ಲಿಪ್ಪು

ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಿರುಗುಕಂಬ ಗಾಳಿಗೆ ಕಿರ್ರೆಂದು ಅರ್ಧ ಸುತ್ತು ಸುತ್ತಿ ನಿಂತಿತು, ಎಣ್ಣೆ ಬಿಡಬೇಕು ಅದಕ್ಕೆ, ಬಿಡ್ತೀನಿ ಬಿಡ್ತೀನಿ ಅಂತ ಹೇಳುತ್ತಲೇ ಎಷ್ಟು ಬೇಸಿಗೆ ಕಳೆಯಿತು, ಈಗ ಬಿಟ್ಟರೂ ಯಾರ ಕಿವಿಗೆ ನೆಮ್ಮದಿ — ನೆವಿಲ್ ಬಾನೆಟ್ಟಿನ ಕೆಳಗೆ ಮತ್ತೆ ತಲೆ ತೂರಿಸಿದ, ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು, ಮತ್ತೆ ನಿಂತಿತು ಹಾಳಾದ್ದು, ಕಾಲು ಗಂಟೆ ಬಂಗಾರದ ಹಾಗೆ ಓಡಿ ಬಿಸಿಯೇರಿದೊಡನೆ ಕೆಮ್ಮಿ ಕೈಕೊಡುತ್ತದೆ, ಅವಳು ಹೋದಂದಿನಿಂದ ಇದೇ ಆಟ. ಹನ್ನೊಂದಕ್ಕೆ ಚರ್ಚು, ಚರ್ಚಿನಿಂದ ಗಣಿಯ ಏರು ಹತ್ತಿದರೆ ಆಚೆ ಸ್ಮಶಾನ, ಗ್ಲೆನಿಸಳ ಪೆಟ್ಟಿಗೆ ಈ ಹಳೇ ವ್ಯಾಗನ್ ಕಾರಿನ ಹಿಂಭಾಗದಲ್ಲೇ ಹೋಗಬೇಕು, ಹಾಗಂತ ಅವಳೇ ಹೇಳಿದ್ದು, ಆಸ್ಪತ್ರೆಯ ಮಂಚದಲ್ಲಿ ದಿಂಬಿಗೊರಗಿ, ಹೆಂಡತಿಯಾಗಿ ಇಷ್ಟು ವರ್ಷದಲ್ಲಿ ಕೇಳಿದ್ದೇ ಕಡಿಮೆ, ಇದೊಂದು ಕೇಳಿದಳು — ಆ ಕರೀ ಗಾಡೀಲಿ ನನ್ನ ಹಾಕ್ಬೇಡ ನೆವ್, ಅದ್ರಲ್ಲಿ ಹೋದೋರು ಒಬ್ರೂ ವಾಪಸ್ ಬಂದಿಲ್ಲ. ನಕ್ಕಳು, ನಕ್ಕಾಗ ಮುಂದಿನ ಅರ್ಧ ಹಲ್ಲು ಕಂಡಿತು. ದಾರೀಲಿ ನಿಂತ್ಬಿಟ್ರೆ ಏನ್ಮಾಡ್ಲೇ ಅಂತ ಕೇಳಿದ್ದಕ್ಕೆ, ನಿಂತ್ರೆ ನಿಲ್ಲಲಿ ಬಿಡು, ನಂಗೇನು ಅವಸರ, ನಿಂಗಿದೆಯಾ?

ಕಾರ್ಬುರೇಟರಿನದಂತೂ ಈಗ ಏನೂ ತಪ್ಪಿಲ್ಲ, ಅದನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೇ ಹರಡಿಕೊಂಡಿದ್ದ, ಅವಳ ಹೂವಿನ ಮೇಜುಬಟ್ಟೆಯ ಮೇಲೇ, ತೆಗಿ ಆ ಕೊಳಕನ್ನ ಅನ್ನುವವರು ಯಾರಿದ್ದರು, ಒಂದು ಸಲ ತಿರುಗಿಯೂ ನೋಡಿದ, ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಹಾಸಿಗೆ ಹಿಡಿದ ಮೇಲೆ ವ್ಯಾಗನ್ನನ್ನು ಶೆಡ್ಡಿನಿಂದ ಹೊರಗೇ ತೆಗೆದಿರಲಿಲ್ಲ, ಟ್ಯಾಂಕಿನಲ್ಲಿದ್ದ ಪೆಟ್ರೋಲು ಹಳಸಿ ಹುಳಿ ವಾಸನೆ, ಕಾರ್ಬುರೇಟರಿನ ಬಟ್ಟಲ ತಳದಲ್ಲಿ ಬೆಲ್ಲದ ಪಾಕದ ಹಾಗೆ ಅಂಟು, ಫ್ಲೋಟಿನ ಸೂಜಿ ಆ ಅಂಟಿನಲ್ಲಿ ಸಿಕ್ಕಿಕೊಂಡಿತ್ತು, ಕೆರೆದ, ತೊಳೆದ, ಪೆಟ್ರೋಲು ಚಿಮ್ಮುವ ಜೆಟ್ಟಿನ ತೂತಿಗೆ ಬಾಯಿಟ್ಟು ಊದಿದ, ಇವತ್ತು ಬೆಳಗಿನ ಚಹಾಕ್ಕೂ ಪೆಟ್ರೋಲಿನ ರುಚಿಯೇ. ಹೊಸ ಪೆಟ್ರೋಲು, ಹೊಸ ಫಿಲ್ಟರು, ತಣ್ಣಗಿದ್ದಾಗ ಹಾಡುತ್ತದೆ ಎಂಜಿನ್ನು, ಆದರೆ ಈ ನಡುಬೇಸಿಗೆ, ಈ ಡಿಸೆಂಬರಿನ ಬಿಸಿಲು — ಪೈಪಿನೊಳಗೇ ಪೆಟ್ರೋಲು ಕುದಿದು ಆವಿಯಾದರೆ ಪಂಪು ತಾನೇ ಏನನ್ನು ತಳ್ಳೀತು, ಕಾರ್ಬುರೇಟರು ಒಣಗಿ ಬಾಯಿ ಬಿಡುತ್ತದೆ, ಗೊತ್ತು, ಎಲ್ಲ ಗೊತ್ತು, ಗೊತ್ತಿದ್ದು ಏನು ಬಂತು, ಅವಳ ಕಾಯಿಲೆಯೂ ಗೊತ್ತಿತ್ತು. ಪೈಪಿಗೆ ಒದ್ದೆ ಬಟ್ಟೆ ಸುತ್ತಿದ್ದ, ನೋಡನೋಡುತ್ತಲೇ ಒಣಗಿತು. ಅವಳ ತಮ್ಮ ಕೆಲ್ವಿನ್ ಕರೀ ಕೋಟನ್ನು ತೋಳ ಮೇಲೆ ಹಾಕಿಕೊಂಡು ಗೇಟು ತಳ್ಳಿದ, ಇನ್ನೂ ಆಗ್ಲಿಲ್ವಾ ಮಾರಾಯ, ಈಗಿನ ಪೆಟ್ರೋಲೇ ಸರಿಯಿಲ್ಲ ಕೆಲ್, ಹೌದೌದು, ಕುಣಿಯೋಕಾಗ್ದೋಳು ನೆಲ ಡೊಂಕು ಅಂದ್ಲಂತೆ, ಹಟ ಬಿಡು ನೆವ್, ಕರೀ ಗಾಡಿಯೋರಿಗೆ ಫೋನ್ ಮಾಡ್ತೀನಿ, ನಡುರಸ್ತೇಲಿ ಅಕ್ಕನ್ನ ನಿಲ್ಲಿಸ್ಕೊಂಡು ಕೂತ್ರೆ ಊರೇ ನಗುತ್ತೆ. ನಗಲಿ ಬಿಡು, ಅವಳೂ ನಗ್ತಿದ್ಲು. ಕೆಲ್ವಿನ್ ಅತ್ತ ತಿರುಗಿ ಮೂಗೊರೆಸಿಕೊಂಡು ಅಂದ, ಪೈಪಿಗೆ ಅದೇನೋ ಹಾಕ್ತಿದ್ಲಲ್ಲ, ಕ್ಲಿಪ್ಪು.

ಕ್ಲಿಪ್ಪು, ಹೌದು, ಬಟ್ಟೆಗೆ ಹಾಕುವ ಮರದ ಕ್ಲಿಪ್ಪು, ಕ್ರಿಸ್‌ಮಸ್ಸಿಗೆ ಸಮುದ್ರದ ಕಡೆ ಹೊರಟಾಗಲೆಲ್ಲ ಬಾನೆಟ್ಟು ಎತ್ತಿ, ಬಿಸಿ ಹೀರಲೆಂದು, ಪೆಟ್ರೋಲು ಪೈಪಿನುದ್ದಕ್ಕೂ ಸಾಲಾಗಿ ಸಿಕ್ಕಿಸುತ್ತಿದ್ದಳು, ಏನೇ, ಎಂಜಿನ್ನನ್ನ ಒಣಗಾಕ್ತೀಯಾ ಅಂದರೆ, ನಮ್ಮಪ್ಪ ಹಾಕ್ತಿದ್ದ, ಅವನ ಗಾಡಿ ಒಂದಿನಾನೂ ನಿಂತಿಲ್ಲ, ನೀನು ಬಾಯ್ಮುಚ್ಕೊಂಡು ಸ್ಟೇರಿಂಗ್ ಹಿಡಿ, ಅದನ್ನೂ ಹಲ್ಲಲ್ಲಿ ಒಂದು ಕ್ಲಿಪ್ಪು ಕಚ್ಚಿಕೊಂಡೇ ಹೇಳುವುದು, ಬಟ್ಟೆ ಹರವುವಾಗಲೂ ಹಾಗೇ, ಎರಡು ಕೈಗೂ ಕೆಲಸ, ಹಲ್ಲಲ್ಲೊಂದು ಕ್ಲಿಪ್ಪು. ಮುಸ್ಸಂಜೆ ಕಾಂಗರೂ ಅಡ್ಡ ಬಂದು ಅವನು ಬ್ರೇಕು ತುಳಿದಾಗ ಇದೇ ಗಾಡಿಯ ಡ್ಯಾಶ್‌ಬೋರ್ಡಿಗೆ ಬಡಿದು ಅವಳ ಆ ಹಲ್ಲು ಅರ್ಧವಾದದ್ದು, ಕಟ್ಟಿಸ್ಕೋ ಅಂದರೆ, ಯಾಕೆ, ನಿಂಗೆ ಮುತ್ತು ಕೊಡೋಕೆ ಇಷ್ಟು ಸಾಲದಾ. ಊರಿಗೆ ಮರಳಿದೊಡನೆ ಕ್ಲಿಪ್ಪುಗಳೆಲ್ಲ ಪೈಪಿನಿಂದ ಮತ್ತೆ ಬಟ್ಟೆಗೆ, ಹೊಸ ವರ್ಷದ ಹೊದಿಕೆಗಳ ತುದಿಗೆಲ್ಲ ಪೆಟ್ರೋಲಿನ ವಾಸನೆ, ಎಷ್ಟು ವರ್ಷ ಗೊಣಗಿದ, ಈಗ ಆ ವಾಸನೆಯಿಲ್ಲದ ಹೊದಿಕೆಯಲ್ಲಿ ನಿದ್ದೆಯೇ ಹತ್ತುವುದಿಲ್ಲ. ಕೆಲ್ವಿನ್ ಆಗಲೇ ಕಂಬದಿಂದ ಕ್ಲಿಪ್ಪಿನ ಚೀಲ ಬಿಚ್ಚಿ ತಂದು ನೀಲಿಯದೊಂದನ್ನು ಪೈಪಿಗೆ ಹಾಕಿಯೇಬಿಟ್ಟ, ಅದು ಮೆತ್ತಗಾಗಿ ತಲೆ ಬಾಗಿಸಿತು, ಅಯ್ಯೋ ಪೆದ್ದಾ, ಪ್ಲಾಸ್ಟಿಕ್ಕಿಂದಲ್ವೋ, ಮರದ್ದು — ಪ್ಲಾಸ್ಟಿಕ್ಕಿನವನ್ನು ಕೊಂಡವನು ನೆವಿಲನೇ, ಅವಳು ಆಸ್ಪತ್ರೆಯಲ್ಲಿದ್ದಾಗ, ಒಬ್ಬನದೇ ಬಟ್ಟೆ ಹರವುತ್ತ. ಮರದವು ಚೀಲದ ತಳದಲ್ಲಿದ್ದವು, ಬಿಸಿಲಿಗೆ ಬೂದಿಬಣ್ಣ ತಿರುಗಿ. ನೆವಿಲ್ ಒಂದೊಂದಾಗಿ ಸಿಕ್ಕಿಸುತ್ತ ಬಂದ, ಪಂಪಿನ ಹತ್ತಿರ, ಬಾಗಿದಲ್ಲಿ, ಮತ್ತೊಂದು, ಮತ್ತೊಂದು, ಮರ ಬಿಸಿ ತಡೆಯುತ್ತದೋ ಇಲ್ಲವೋ ದೇವರಿಗೇ ಗೊತ್ತು, ಎಡಗೈಯಲ್ಲಿ ಪೈಪು ಎತ್ತಿ ಹಿಡಿದು ಬಲಗೈಯಲ್ಲಿ ತಿರುಪು ಬಿಗಿಮಾಡುವಾಗ ಉಳಿದ ಒಂದನ್ನು ಯೋಚಿಸದೆ ಬಾಯಿಗಿಟ್ಟ, ಕಚ್ಚಿದ, ಮರದಲ್ಲಿ ಮೊದಲೇ ಗುಳಿಗಳಿದ್ದವು, ಒಂದು ಆಳ, ಪಕ್ಕದಲ್ಲೊಂದು ಅರೆಬರೆ. ನಾಲಗೆಗೆ ತಿಳಿಯಿತು. ಒಂದು ಇಡೀ ಹಲ್ಲು, ಒಂದು ಅರ್ಧ ಹಲ್ಲು. ಕೈ ಅಲ್ಲೇ ನಿಂತಿತು. ಅದೊಂದನ್ನೂ ಹಾಕ್ಬಿಡು ನೆವ್, ಕಾರ್ಬುರೇಟರ್ ಹತ್ರ ಜಾಗ ಇದೆ, ಕೆಲ್ವಿನ್ ಅನ್ನುತ್ತಿದ್ದ, ಏನಾಯ್ತೋ, ನೆವ್, ಏನಾಯ್ತು. ಬಾಯಲ್ಲಿ ಕ್ಲಿಪ್ಪಿತ್ತು, ಮಾತಾಡುವ ಹಾಗಿರಲಿಲ್ಲ.

ಚರ್ಚಿನಲ್ಲಿ ಆ ಕ್ಲಿಪ್ಪು ಅವನ ಕೋಟಿನ ಜೇಬಿನಲ್ಲಿತ್ತು, ಪಾದ್ರಿ ಅವಳ ಹೆಸರು ಹೇಳಿದಾಗಲೆಲ್ಲ ಬೆರಳು ಅದನ್ನು ಹುಡುಕಿತು, ಆಮೇಲೆ ಆರು ಜನ ಪೆಟ್ಟಿಗೆ ಹೊತ್ತು ತಂದು ವ್ಯಾಗನ್ನಿನೊಳಕ್ಕೆ ಸರಿಸಿದರು, ಸರಿಯಾಗಿ ಹಿಡಿಸಿತು, ಅಳೆದು ಮಾಡಿಸಿದ ಹಾಗೆ, ಹಿಂದಿನ ಬಾಗಿಲನ್ನು ನೆವಿಲ್, ಅವಳು ಮುಚ್ಚುತ್ತಿದ್ದ ಹಾಗೆಯೇ, ಸೊಂಟದಿಂದ ಒಂದು ಗುದ್ದು ಕೊಟ್ಟೇ ಮುಚ್ಚಿದ. ಈಗ ಗಣಿಯ ಏರು, ಎರಡನೇ ಗೇರು, ಬಿಸಿಗಾಳಿ, ಹಿಂದೆ ಊರಿನ ಗಾಡಿಗಳೆಲ್ಲ ದೀಪ ಹಚ್ಚಿಕೊಂಡು ಸಾಲಾಗಿ, ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿದೆ, ಇಲ್ಲೇ ನಿಲ್ಲುವುದು, ನಿಲ್ಲುವುದಾದರೆ ಇಲ್ಲೇ, ಒಂದು ಕೆಮ್ಮು, ಇಲ್ಲ, ಹಿಡಿದುಕೊಂಡಿತು, ಸಲೀಸಾಗಿ ಎಳೆಯುತ್ತಿದೆ, ಬಂಗಾರದ ಹಾಗೆ, ಏನೂ ದೋಷವಿಲ್ಲ, ನೀನೇ ಗೆದ್ದೆ ಗ್ಲೆನಿಸ್ ಅನ್ನಬೇಕು, ಆದರೆ ಏರಿನ ತುದಿಯಾಚೆ ಸ್ಮಶಾನದ ಗೇಟು ಕಂಡಿತು, ಕೆಂಪು ಮಣ್ಣಿನ ಗುಡ್ಡೆ ಕಂಡಿತು, ಮತ್ತು ಆಗ, ಇಷ್ಟು ದಿನ ಕೆರೆದು ತೊಳೆದು ಊದಿ ಬೇಡಿಕೊಂಡ ಎಂಜಿನ್ನನ್ನು ಅವನು ಮತ್ತೆ ಬೇಡಿಕೊಂಡ, ನಿಲ್ಲು, ಒಂದು ಸಲ ನಿಲ್ಲು, ಊರು ನಗಲಿ, ಪೈಪು ತಣಿಯುವ ತನಕ ನಾವಿಬ್ಬರೂ ಹೀಗೇ ಕೂತಿರುತ್ತೇವೆ, ನಂಗೇನು ಅವಸರ, ನಿಂಗಿದೆಯಾ — ಎಂಜಿನ್ನು ನಿಲ್ಲಲಿಲ್ಲ, ಅವನು ಜೇಬಿನಿಂದ ಕ್ಲಿಪ್ಪು ತೆಗೆದು ಹಲ್ಲಿಗಿಟ್ಟು ಕಚ್ಚಿ ಹಿಡಿದ, ಗೇಟು ಹತ್ತಿರಾಯಿತು, ಇಡೀ ಹಲ್ಲು, ಅರ್ಧ ಹಲ್ಲು, ಇಡೀ ಹಲ್ಲು, ಅರ್ಧ