ನೇರಳೆ ನೀರಿನ ಬಟ್ಟಲು

ಕಾಶವ್ವನ ಕೊರಳ ಗಂಟು ಒಡೆದು ಹುಣ್ಣಾದ ಮೇಲೆ ಅವಳ ಮದುವೆಯ ಮಾತು ಅರ್ಧಕ್ಕೇ ನಿಂತಿತು. "ಟೀಬಿ ಅಲ್ಲಂತ ಡಾಕ್ಟರ ಹೇಳ್ಲಿ, ಆಮ್ಯಾಲ ಸಾಕರಪುಡಾ ಮಾಡಿ ಮದುವಿ ಗಟ್ಟಿ ಮಾಡೂಣು" ಎಂದಿದ್ದರು ವಡಗಾವಿಯ ನೇಕಾರ ಬೀಗರು.

ಅಕ್ಕ ಗೌರವ್ವ ಖಾನಾಪುರದಿಂದ ದಿನವೂ ರೈಲಿನಲ್ಲಿ ಬೆಳಗಾವಿಗೆ ಬಂದು ಡಾಕ್ಟರ್ ಬಸಲಿಂಗಪ್ಪನವರ ಲ್ಯಾಬಿನಲ್ಲಿ ಗಾಜು ತೊಳೆಯುತ್ತಿದ್ದಳು. ಎಂಬತ್ಮೂರರ ಚಳಿಗಾಲದಲ್ಲಿ ತಂಗಿಯನ್ನು ಅಲ್ಲಿಗೇ ಕರೆತಂದಳು. ಡಾಕ್ಟರು ಹುಣ್ಣಿನ ಅಂಚಿನಿಂದ ಸಾಸಿವೆಯಷ್ಟು ಮಾಂಸ ಕತ್ತರಿಸಿಕೊಂಡು, ಮುಂದಿನ ವಾರ ಬರಹೇಳಿದರು.

ಬಣ್ಣ ಕುಡಿಸಿದ ತೆಳು ಚೂರನ್ನು ಹೊಸ ದೀಪದ ಸೂಕ್ಷ್ಮದರ್ಶಕದಡಿ ಇಟ್ಟರೆ ಟೀಬಿಯ ಹುಳುಗಳು ಕತ್ತಲಲ್ಲಿ ಸಣ್ಣ ಕಡ್ಡಿಗಳಂತೆ ಬೆಳಗಬೇಕು. ಆದರೆ ಮಾಂಸವೂ ಬೆಳಗುತ್ತದೆ. ಅರಿಶಿನ ತಾಗಿದ್ದರಂತೂ ಎಲ್ಲವೂ ಹಳದಿ ಮಂಜು. ವಾರ ಕಳೆದು ತಾಯಿಯೂ ಜೊತೆಗೆ ಬಂದ ದಿನ, ಬೆಳಗುತ್ತಿದ್ದ ಕಾಶವ್ವನ ಚೂರಿನಿಂದ ತಲೆಯೆತ್ತಿ ಡಾಕ್ಟರು ಕೇಳಿದರು:

"ಗಾಯಕ್ಕ ಅರಿಶಿಣ ಹಚ್ಚೀರೇನವ್ವ? ಹಚ್ಚಿದ್ರ ಈ ಬೆಳಕ ನಂಬಾಕ ಬರೂದಿಲ್ಲ."

ಯಾವ ಉತ್ತರ ಕೊಡಬೇಕೆಂಬುದು ತಾಯಿ ಶಿವಲಿಂಗವ್ವನಿಗೆ ತಟ್ಟನೆ ತಿಳಿಯಿತು. "ಹಚ್ಚೇವ್ರಿ ಯಪ್ಪಾ. ಅರಿಶಿಣ ಹಚ್ಚಲಾರದ ಮನಿ ಯಾವುದೈತ್ರಿ?"

"ನಿಮ್ಮ ಅಡಗಿಮನಿ ನನ್ನ ಯಂತ್ರಕ್ಕ ಮೋಸ ಮಾಡ್ತೈತಿ ನೋಡ್ರಿ," ಎಂದು ಡಾಕ್ಟರು ನಕ್ಕರು.

ದಿನವೂ ಉಪ್ಪುನೀರಿನಿಂದ ಆ ಹುಣ್ಣು ತೊಳೆದವಳು ಗೌರವ್ವ. ಅದಕ್ಕೆ ಅರಿಶಿನದ ಕಣವೂ ಸೋಕಿರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕಾಲು ತುಳಿದಳು.

"ಇನ್ನೊಂದು ಚೂರು ನೇರಳೆ ನೀರಾಗ ಅದ್ದಿ ತಾರವಾ ಗೌರವ್ವ," ಎಂದರು ಡಾಕ್ಟರು. ಕಾಲರಾ ಬಂದಾಗ ಬಾವಿಗೆ ಹಾಕುವ ಔಷಧವೇ ಅದು. ಅದರಲ್ಲಿ ಅದ್ದಿದರೆ ಸುಳ್ಳು ಬೆಳಕು ಆರಿ ಹುಳುಗಳಷ್ಟೇ ಉಳಿಯುತ್ತವೆ. ತಿಂಗಳುಗಟ್ಟಲೆ ಒದ್ದಾಡಿ ಅವರು ಕಂಡುಕೊಂಡ ದಾರಿ. "ಗಡಿಯಾರ ನೋಡ ಮತ್ತ. ಹೊತ್ತ ಮೀರಿದ್ರ ಖರೇ ಬೆಳಕೂ ಸಾಯ್ತೈತಿ."

ಒಳಕೋಣೆಯಲ್ಲಿ ಗೌರವ್ವ ಗಾಜನ್ನು ಬಟ್ಟಲಿಗೆ ಇಳಿಸಿದಳು. ತೆಗೆಯುವ ಹೊತ್ತಾಯಿತು. ಬಾಗಿಲಾಚೆ ಅವ್ವ ತಂಗಿಗೆ ಹೇಳುತ್ತಿದ್ದಳು: "ಸೀರಿ ಚಿಂತಿ ನಮಗ್ಯಾಕ? ಮಗ್ಗದ ಮನಿಯವರು, ನೇಯ್ದ ಉಡಸ್ಲಿ." ಕಾಶವ್ವ ನಗಲು ಹೋಗಿ ಕೆಮ್ಮಿದಳು. ಗೌರವ್ವ ಕೈ ಚಾಚಿದಳು, ಹಿಂದೆಗೆದಳು. ಗಡಿಯಾರದ ಕಡೆ ಬೆನ್ನು ಮಾಡಿ ನಿಂತಳು.

ಡಾಕ್ಟರು ಬಹಳ ಹೊತ್ತು ನೋಡಿದರು. "ಪೂರಾ ಕತ್ತಲ. ಏನೂ ಇಲ್ಲ. ಅರಿಶಿಣನ ಅದು. ಮದುವಿ ಮಾಡ್ರಿ."

ಸ್ಟೇಷನ್ನಿನ ದಾರಿಯಲ್ಲಿ ಅವ್ವ ಮುಂದೆ ಮುಂದೆ ನಡೆದಳು. ಕಾಶವ್ವ ಹಿಂದುಳಿದು ಮೆಲ್ಲಗೆ ಕೇಳಿದಳು: "ಅಕ್ಕಾ, ಖರೇನ ಏನೂ ಇಲ್ಲೇನ?"

"ಡಾಕ್ಟರ ನೋಡ್ಯಾರಲ್ಲ."

ಕಾಶವ್ವ ನಂಬಿ ಅಕ್ಕನ ಕೈ ಹಿಡಿದಳು. ತಂಗಿಯ ಅಂಗೈ ಜ್ವರದಿಂದ ಸುಡುತ್ತಿತ್ತು.